ಗೇಟಿಗೆ ಅಡ್ಡ ನಿಲ್ಲಿಸಿದ ಕಾರಿಗೆ

ಬೆಂಗಳೂರಿನಲ್ಲಿ ನಿಮ್ಮ ಗೇಟಿಗೆ ಅಡ್ಡವಾಗಿ ಯಾರಾದರೂ ಕಾರು ನಿಲ್ಲಿಸಿದ್ದರೆ, ಬರೀ ನಂಬರ್ ಪ್ಲೇಟ್ ಫೋಟೋ ತೆಗೆಯಬೇಡಿ. ರಸ್ತೆಯಾಚೆ ಹೋಗಿ, ಪ್ಲೇಟು ಮತ್ತು ಪೂರ್ತಿ ಗೇಟು ಒಂದೇ ಫೋಟೋದಲ್ಲಿ ಬರುವಂತೆ ತೆಗೆದು, ಟ್ರಾಫಿಕ್ ಪೊಲೀಸರ ಅಸ್ತ್ರಂ ಆ್ಯಪ್‌ಗೆ ಹಾಕಿ. ಓಡಾಡುವ ದಾರಿಗೆ ಅಡ್ಡ ನಿಲ್ಲಿಸುವುದೇ ತಪ್ಪು, ಹಾಗೆ ಅಡ್ಡ ನಿಂತಿರುವುದು ಫೋಟೋದಲ್ಲೇ ಕಾಣಬೇಕು. ಪ್ಲೇಟು ಮಾತ್ರ ಇದ್ದರೆ ಕಾರು ಎಲ್ಲಿತ್ತು ಅಂತ ಹೇಗೆ ಗೊತ್ತಾಗುತ್ತದೆ? ಆದರೆ ಇದರಿಂದ ದಂಡ ಬೀಳಬಹುದು ಅಷ್ಟೇ, ಕಾರು ತಕ್ಷಣ ಸರಿಯುವುದಿಲ್ಲ. ಆಸ್ಪತ್ರೆಗೆ ಹೊರಡುವಂಥ ಅವಸರವಿದ್ದರೆ 112ಕ್ಕೇ ಫೋನ್ ಮಾಡಿ. ಗೇಟು ಬಿಟ್ಟು ಕಾಂಪೌಂಡ್ ಪಕ್ಕ ನಿಲ್ಲಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಅದು ಸಾರ್ವಜನಿಕ ರಸ್ತೆ, ಅಲ್ವಾ? ನಾವೇ ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್’ ಬೋರ್ಡಿಗೂ ಅಲ್ಲಿ ಬೆಲೆಯಿಲ್ಲ. ಜಾಗ ಹಿಡಿಯಲು ರಸ್ತೆಗೆ ಹೂಕುಂಡ, ಕಲ್ಲು ಇಟ್ಟರೆ ತಪ್ಪು ನಮ್ಮದೇ ಆಗುತ್ತದೆ.