ಜ್ಯೂರಿಯಲ್ಲಿ ಯಾರು ಕೂರಬೇಕು? ಚೀಟಿ ಎತ್ತಿ ಪಾಠ ಮಾಡಿ

ನಾನು ವಿರಾಜಪೇಟೆ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಜ್ಯೂರಿ ಎಂದರೆ ಮಕ್ಕಳಿಗೆ ಟಿವಿಯ ಡ್ಯಾನ್ಸ್ ಶೋ ನೆನಪಾಗುತ್ತದೆ. ನಾನು ಹೇಳುವುದು ಕೋರ್ಟಿನಲ್ಲಿ ಕೂತು ಆರೋಪಿ ತಪ್ಪು ಮಾಡಿದ್ದಾನಾ ಇಲ್ವಾ ಎಂದು ತೀರ್ಮಾನಿಸುವ ಸಾಮಾನ್ಯ ಜನರ ಗುಂಪು. ನಮ್ಮ ಕೋರ್ಟುಗಳ ಜ್ಯೂರಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಹೋಯಿತು. ಹಾಗಾಗಿ ನಿಯಮ ಇಂಗ್ಲೆಂಡಿನದ್ದು, ಕೇಸು ನಮ್ಮೂರಿನದ್ದು: ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸು ಒಂದು ಮೂಟೆ ಕಾಣೆ, ಸಿಕ್ಕಿಬಿದ್ದವನು ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹುಡುಗ.

ಎರಡು ಪೀರಿಯಡ್ ಬೇಕು. 40 ಚೀಟಿ ಮಾಡಿ. ಮಕ್ಕಳ ಹೆಸರು ಬೇಡ, ಪಾತ್ರ ಬರೆಯಿರಿ: ಬೆಳೆಗಾರ, ತೋಟದ ಲೆಕ್ಕ ಬರೆಯುವ ರೈಟರ್, ಕಾಫಿ ಕುಯ್ಯುವ ಹೆಂಗಸು, ಜೀಪ್ ಡ್ರೈವರ್, ವಕೀಲ, ಪೊಲೀಸ್, 72 ವರ್ಷದ ಅಜ್ಜಿ. ವಯಸ್ಸು, ಮನೆ ಯಾರ ಹೆಸರಲ್ಲಿದೆ ಎಂಬುದೂ ಇರಲಿ. ಮೊದಲ ವರ್ಷ ನಾನು ಸುಮ್ನೆ "ಯಾರ ಮನೆಗೆ ಸ್ವಂತ ಪತ್ರ ಇದೆ, ಕೈ ಎತ್ತಿ" ಅಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕದಲ್ಲಿ ಮುಖ ಹುದುಗಿಸಿದಳು. ಆ ತಪ್ಪು ನೀವು ಮಾಡಬೇಡಿ.

ಮೊದಲು ಹಳೇ ನಿಯಮ ಹಾಕಿ: ಇಷ್ಟು ಬೆಲೆಯ ಮನೆಯ ಯಜಮಾನರಷ್ಟೇ ಅರ್ಹರು. ಅಲ್ಲಿ 1919ರಲ್ಲೇ ಹೆಂಗಸರಿಗೆ ಜ್ಯೂರಿಯಲ್ಲಿ ಕೂರಲು ಅವಕಾಶವಾಯಿತು, ಆದರೆ ಮನೆ ಗಂಡನ ಹೆಸರಲ್ಲಿದ್ದರೆ? ನನ್ನ ಡಬ್ಬಿಯಲ್ಲಿ 9 ಚೀಟಿ ಉಳಿದವು, ಹೆಂಗಸು ಒಬ್ಬಳೇ. ಮನೆಯ ಈ ಷರತ್ತನ್ನು 1972ರ ಕಾನೂನು ತೆಗೆದುಹಾಕಿತು.

ಈಗ ಎಲ್ಲ ಚೀಟಿಯನ್ನೂ ವಾಪಸ್ ಹಾಕಿ ಇವತ್ತಿನ ನಿಯಮಕ್ಕೆ ಬನ್ನಿ. ಮತದಾರರ ಪಟ್ಟಿಯಲ್ಲಿರುವವರು, 18ರಿಂದ 75 ವರ್ಷದವರು. ಮೊದಲು 70ಕ್ಕೇ ಮುಗಿಯುತ್ತಿತ್ತು, 2016ರಲ್ಲಿ ಏರಿಸಿದರು, ನಮ್ಮ ಅಜ್ಜಿ ಉಳಿದದ್ದು ಹಾಗೆ. 12 ಚೀಟಿ ಎತ್ತಿಸಿ. ಪೊಲೀಸ್, ವಕೀಲರೂ ಬರಬಹುದು, 2004ರಿಂದ ಅವರಿಗೂ ಬಾಗಿಲು ತೆರೆದಿದೆ. ಜಗಳ ಶುರುವಾಗುವುದು ಇಲ್ಲೇ. "ಪೊಲೀಸ್ ಕೂತರೆ ಹುಡುಗ ಗ್ಯಾರಂಟಿ ಒಳಗೆ, ಮಿಸ್" ಎಂದನೊಬ್ಬ. "ಮೆಣಸಿನ ಸಾಹುಕಾರ್ರು ಕೂತರೆ ಬಿಡ್ತಾರಾ?" ಎಂದಳು ಇನ್ನೊಬ್ಬಳು. ನೀವು ಬಾಯಿ ಹಾಕಬೇಡಿ.

ಜ್ಯೂರಿ ಕೆಲಸದಿಂದ ರಜೆ ಕೇಳುವ ಪಾತ್ರಗಳನ್ನೂ ಎಬ್ಬಿಸಿ. ಕಾಫಿ ಕುಯ್ಯುವವಳಿಗೆ ಡಿಸೆಂಬರಿನಿಂದ ಪುರುಸೊತ್ತಿಲ್ಲ, ಕೂಲಿ ಹೋಗುತ್ತದೆ. ಜುಲೈಗೆ ಮುಂದೂಡೋಣ ಎಂದರು ಮಕ್ಕಳು. ಜುಲೈ ಮಳೆಯಲ್ಲಿ ಬಸ್ ಎಲ್ಲಿ, ಅಲ್ವಾ?

ಕೊನೆಗೆ ಪ್ರತಿಯೊಬ್ಬರೂ ಒಂದೇ ತಿದ್ದುಪಡಿ ಬರೆಯಲಿ. ಅದರಿಂದ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂದು ಚೀಟಿ ಎಣಿಸಿ ತೋರಿಸಬೇಕು. ಎಣಿಸದ ತಿದ್ದುಪಡಿಗೆ ನಾನು ಮಾರ್ಕ್ಸ್ ಕೊಡುವುದಿಲ್ಲ.

ಚೀಟಿಗಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.