ಕಾರು ಸಿಗ್ನಲ್ ತಡೆಯುವುದೇ ಒಳ್ಳೆಯದಾಯಿತು: ನೆಲದ ಪಾರ್ಕಿಂಗ್ ಸೆನ್ಸರ್‌ನೊಂದಿಗೆ ನನ್ನ ಅನುಭವ

ನೆಲದಲ್ಲಿ ಹೂತ ಮ್ಯಾಗ್ನೆಟೋಮೀಟರನ್ನು (ಕಾಂತಕ್ಷೇತ್ರ ಅಳೆಯುವ ಸೆನ್ಸರ್) ನಂಬಿ ಪಾರ್ಕಿಂಗ್ ಜಾಗ ಖಾಲಿಯಿದೆಯೆಂದು ಹೇಳುವುದು ಆಗದ ಮಾತು, ಸುಮ್ಮನೆ ಕ್ಯಾಮೆರಾ ಹಾಕಿ ಎಂದು ಜೊತೆಯವರೆಲ್ಲ ಹೇಳುತ್ತಿದ್ದರು. ಅವೇ ಸೆನ್ಸರ್‌ಗಳು ಮಳೆ, ಬಿಸಿಲು ಎರಡನ್ನೂ ದಾಟಿ ಈಗ ನೂರಕ್ಕೆ ಸುಮಾರು 97 ಬಾರಿ ಸರಿಯಾದ ಸ್ಥಿತಿಯನ್ನೇ ಕಳುಹಿಸುತ್ತಿವೆ.

ಅವರ ಸಂಶಯಕ್ಕೆ ಆಧಾರವಿತ್ತು. 25ರಿಂದ 65 ಮೈಕ್ರೋಟೆಸ್ಲಾ ಇರುವ ಭೂಮಿಯ ಕಾಂತಕ್ಷೇತ್ರವನ್ನು ಕಾರು ಕದಲಿಸುವುದು ಸ್ವಲ್ಪವೇ. ಪಕ್ಕದಲ್ಲಿ ದೊಡ್ಡ ವ್ಯಾನ್ ನಿಂತರೂ ಹೆಚ್ಚು ಕಡಿಮೆ ಅಷ್ಟೇ ಕದಲುತ್ತದೆ. ನಿಗದಿತ ಮಿತಿ ಇಟ್ಟರೆ ಬಿಸಿಲೇರಿದಂತೆ ಅಳತೆ ಜಾರಿತು. ಬೇಸ್‌ಲೈನ್, ಅಂದರೆ ಜಾಗ ಖಾಲಿಯಿದ್ದಾಗಿನ ಅಳತೆ, ತಾನಾಗಿ ಸರಿಹೊಂದುವಂತೆ ಮಾಡಿದರೆ, ದಿನಗಟ್ಟಲೆ ನಿಂತ ಕಾರು ಬೇಸ್‌ಲೈನ್‌ನಲ್ಲಿಯೇ ಕರಗಿಹೋಗಿ, ಅದು ಹೊರಟ ಕ್ಷಣದಲ್ಲಿ ಸೆನ್ಸರ್ "ಕಾರು ಬಂತು" ಎಂದಿತು.

ದಾರಿ ಸಿಕ್ಕಿದ್ದು ಎಲ್ಲರೂ ದೂರುತ್ತಿದ್ದ ವಿಷಯದಲ್ಲಿಯೇ. ಕಾರು ಆಂಟೆನಾದ ಮೇಲೆ ನಿಂತಾಗ ಗೇಟ್‌ವೇಗೆ (ಸೆನ್ಸರ್‌ಗಳ ಸಂದೇಶ ಹಿಡಿಯುವ ಪೆಟ್ಟಿಗೆ) ತಲುಪುವ ಲೋರಾ ಸಿಗ್ನಲ್, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುವ ರೇಡಿಯೋ ಸಿಗ್ನಲ್, 10 ಡಿಬಿಗೂ ಹೆಚ್ಚು, ಎಂದರೆ ಹತ್ತನೇ ಒಂದು ಪಾಲಿಗೂ ಕೆಳಗೆ, ಕುಸಿಯುತ್ತಿತ್ತು. ಸೆನ್ಸರ್‌ನ ಸಂದೇಶ (ಪ್ಯಾಕೆಟ್) ಹೇಗೂ ಬರಲೇಬೇಕಾದದ್ದರಿಂದ, ಆ ಕುಸಿತವನ್ನೇ ಎರಡನೆಯ ಸಾಕ್ಷಿಯಾಗಿ ತೆಗೆದುಕೊಂಡೆ. ಇದಕ್ಕೆ ಬಿಡಿಭಾಗವೂ ಬೇಡ, ಹೆಚ್ಚಿನ ವಿದ್ಯುತ್ತೂ ಬೇಡ. ಪ್ರಸಾರದ ವೇಗ, ಶಕ್ತಿಗಳನ್ನು ತಾನಾಗಿ ಬದಲಿಸುವ ಎಡಿಆರ್ ಮಾತ್ರ ಕಡ್ಡಾಯವಾಗಿ ಆಫ್ ಇರಬೇಕು, ಪ್ರಸಾರಶಕ್ತಿ ಬದಲಾಗುತ್ತಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್; ಇದು ಹೆಚ್ಚಿದಷ್ಟೂ ಪ್ರಸಾರ ನಿಧಾನ) ಅನ್ನು ನಾನು 10ಕ್ಕೆ ಕಟ್ಟಿಹಾಕಿದ್ದೇನೆ. ಎಸ್‌ಎಫ್ 12ರಲ್ಲಿ ಪುಟ್ಟ ಪ್ಯಾಕೆಟ್ಟಿಗೂ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ, ಬ್ಯಾಟರಿ ಅದನ್ನು ತಾಳುವುದಿಲ್ಲ.

ಮೇಲೆ ನೀರು ನಿಂತರೂ ಸಿಗ್ನಲ್ ಕುಸಿಯುತ್ತದೆ. ಆದರೆ ಮಳೆಯಲ್ಲಿ ಇಡೀ ಸಾಲು ಒಟ್ಟಿಗೆ ಕುಸಿಯುತ್ತದೆ, ಕಾರು ಬಂದಾಗ ಒಂದೇ ಸೆನ್ಸರ್‌ನದು ಕುಸಿಯುತ್ತದೆ. ಆದ್ದರಿಂದ ತೀರ್ಮಾನವನ್ನು ಸರ್ವರ್‌ನಲ್ಲಿ, ಅಕ್ಕಪಕ್ಕದ ಸೆನ್ಸರ್‌ಗಳೊಂದಿಗೆ ಹೋಲಿಸಿಯೇ ಮಾಡುತ್ತೇನೆ. ನೆರೆಯ ಸೆನ್ಸರ್‌ಗೆ ಎಷ್ಟು ತೂಕ ಕೊಡುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ದುಡಿಮೆಯೆಲ್ಲ ಇರುವುದು ಅದರಲ್ಲಿಯೇ. ಎರಡೂ ಸಾಕ್ಷಿಗಳು "ಖಾಲಿ" ಎಂದಾಗ ಮಾತ್ರ ಬೇಸ್‌ಲೈನ್ ಬದಲಾಗಲು ಬಿಡುತ್ತೇನೆಂಬುದನ್ನು ಹೇಳಬಲ್ಲೆ.

ನಡುವೆ ಬೆಳಕಿನ ಸೆನ್ಸರ್ ಕೂಡ ಕೂರಿಸಿ ನೋಡಿದೆ. ಕಾರಿನ ನೆರಳು ಬಿದ್ದಾಗ ಹಗಲಿನಲ್ಲಿ ಬಹಳ ಚೆನ್ನಾಗಿ ಹೇಳುತ್ತಿತ್ತು; ರಾತ್ರಿಯಲ್ಲಿ ಪ್ರಯೋಜನವಿಲ್ಲ, ಮೇಲಿನ ಪಾರದರ್ಶಕ ಮುಚ್ಚಳ ಟೈರುಗಳ ಉಜ್ಜಾಟಕ್ಕೆ ಬೇಗ ಮಸುಕಾಯಿತು. ಕೈಬಿಟ್ಟೆ.

ಹಣ ತಿನ್ನುವುದು ಸೆನ್ಸರ್ ಅಲ್ಲ. ನೆಲ ಕೊರೆದು, ಕೂರಿಸಿ, ಮತ್ತೆ ಮುಚ್ಚುವುದಕ್ಕೆ ಸೆನ್ಸರ್ ಬೆಲೆಯ ಸುಮಾರು ಎರಡರಷ್ಟು ಆಗಿದೆ, ಬ್ಯಾಟರಿ ಬದಲಿಸಬೇಕಾದರೆ ಆ ಖರ್ಚು ಮತ್ತೊಮ್ಮೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಾರ್ಕಿಂಗ್ ಯೋಜನೆ ಎಸ್‌ಎಫ್‌ಪಾರ್ಕ್ 2011ರಲ್ಲಿ ಸುಮಾರು 8,000 ಸೆನ್ಸರ್‌ಗಳಿಂದ ಶುರುವಾದರೂ, ಬ್ಯಾಟರಿಗಳು ಮುಗಿಯುತ್ತ ಬಂದು 2013ರ ಕೊನೆಗೆ ಅವನ್ನು ನಿಲ್ಲಿಸಬೇಕಾಯಿತು. ಇಂಥ ಸೆನ್ಸರ್‌ಗಳಿಗೆ ಹಾಕುವ ಲಿಥಿಯಂ ಥಯೋನೈಲ್ ಕ್ಲೋರೈಡ್ ಬ್ಯಾಟರಿ ಸೆಲ್ ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಳಗೆ ಪದರ ಕಟ್ಟಿ, ಪ್ರಸಾರದ ಹೊತ್ತಿನಲ್ಲಿ ವೋಲ್ಟೇಜ್ ದಿಢೀರ್ ಬೀಳುತ್ತದೆ. ಅದಕ್ಕೆ ಪಕ್ಕದಲ್ಲಿ, ವಿದ್ಯುತ್ತನ್ನು ಹಿಡಿದಿಟ್ಟು ಬೇಕಾದಾಗ ಕೊಡುವ ಒಂದು ಕೆಪ್ಯಾಸಿಟರ್ ಇಟ್ಟ ಮೇಲೆ ಅಕಾಲದ ರೀಸೆಟ್‌ಗಳು ನಿಂತವು. ಅಗ್ಗವೆಂದು ಕೆಪ್ಯಾಸಿಟರ್ ಕೊಳ್ಳಬೇಡಿ, ಅದರ ಸೋರಿಕೆ ಸೆಲ್ಲಿನ ಆಯುಷ್ಯವನ್ನೇ ತಿನ್ನುತ್ತದೆ.

ಬೈಕುಗಳ ಲೆಕ್ಕ ಇನ್ನೂ ಹಿಡಿತಕ್ಕೆ ಬಂದಿಲ್ಲ. ಅವುಗಳಲ್ಲಿ ಕಬ್ಬಿಣವೂ ಕಡಿಮೆ, ಅವು ಸಿಗ್ನಲ್ ತಡೆಯುವುದೂ ಕಡಿಮೆ. ಬೈಕು ನಿಲ್ಲುವ ಸಾಲುಗಳಿಗೆ ಈ ವಿಧಾನವನ್ನು ನಾನು ಸದ್ಯ ಒಪ್ಪಿಕೊಳ್ಳುವುದಿಲ್ಲ.