ಮರ, ತೆಪ್ಪ ಅಥವಾ ಇತರ ವಸ್ತು

ಕಬ್ಬಿಣದ ಅದಿರಿನ ಕಾಲದಲ್ಲಿ ನಮ್ಮ ಅಳಿವೆಯಲ್ಲಿ ಬಾರ್ಜುಗಳಿಗೆ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳಿಗೆ, ಬಿಡುವೇ ಇರಲಿಲ್ಲ. ಉತ್ತರ ಕನ್ನಡದ ಬೇಲೆಕೇರಿಯಂಥ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವಷ್ಟು ಆಳವಿರುವುದಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತದೆ, ಅದಿರು ಬಾರ್ಜಿನಲ್ಲಿ ಅಲ್ಲಿಗೆ ಹೋಗುತ್ತದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ತನ್ನ ಬಂದರುಗಳಿಂದ ಕಬ್ಬಿಣದ ಅದಿರಿನ ರಫ್ತನ್ನು ನಿಲ್ಲಿಸಿದಾಗ ಲಾರಿಗಳು ನೋಡನೋಡುತ್ತಿದ್ದಂತೆ ಮಾಯವಾದವು. ಬಾರ್ಜುಗಳು ಉಳಿದವು. ಕೆಲವನ್ನು ಗೋವಾಕ್ಕೆ ಎಳೆದೊಯ್ದರು. 2012ರಲ್ಲಿ ಅಲ್ಲಿಯೂ ಗಣಿಗಾರಿಕೆ ನಿಂತು, ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಕೆಲಸವಿಲ್ಲದ ಬಾರ್ಜುಗಳು ಸಾಲುಗಟ್ಟಿ ನಿಂತವು. ನಮ್ಮ ಹೊಳೆಯಲ್ಲಿ ಉಳಿದದ್ದು ಎರಡು. ಒಂದೇ ಮಾಲೀಕರವು, ಒಂದಕ್ಕೊಂದು ಹಗ್ಗ ಬಿಗಿದು ಜೋಡೆತ್ತಿನಂತೆ ಕಟ್ಟಿದ್ದವು.

ನಾನು ಆಗ ಅಲ್ಲಿ ಬಂದರು ಸಂರಕ್ಷಣಾಧಿಕಾರಿ. ಬಂದರಿನ ಹೆಸರು, ಕಂಪನಿಯ ಹೆಸರು ಬೇಡ. ಆ ಕಡೆಯವರು ಕೆಲವರು ಈಗಲೂ ಪೇಟೆಯಲ್ಲಿ ಸಿಕ್ಕಿ ನಕ್ಕು ಮಾತನಾಡಿಸುತ್ತಾರೆ.

ಬಾರ್ಜಿನಲ್ಲಿ ಇಬ್ಬರು ಕಾವಲು ಹುಡುಗರಿದ್ದರು, ಒಡಿಶಾದವರು. ಸಂಬಳ ಮೊದಲು ತಡವಾಯಿತು, ಆಮೇಲೆ ನಿಂತಿತು. ತೊಟ್ಟಿಯಲ್ಲಿದ್ದ ಡೀಸೆಲ್ ಅನ್ನು ಕ್ಯಾನ್ ಲೆಕ್ಕದಲ್ಲಿ ಮಾರಿ ಅಕ್ಕಿ ತರುತ್ತಿದ್ದರು. ನನಗೆ ಅದು ಗೊತ್ತಿತ್ತು, ಕಂಡೂ ಕಾಣದಂತಿದ್ದೆ. ಒಂದು ದಿನ ಅವರು ರಾತ್ರಿ ಬಸ್ಸು ಹತ್ತಿ ಹೋದರು. ಇವತ್ತು ಯಾರಾದರೂ ಕೇಳಿದರೆ, ಆ ಬಾರ್ಜುಗಳು ಸತ್ತದ್ದು ಆ ರಾತ್ರಿ ಎಂದೇ ಹೇಳುತ್ತೇನೆ. ಹಡಗನ್ನು ತಳ್ಳುವ ಪಂಖದ ದಂಡ ತಳದಿಂದ ಹೊರಬೀಳುವ ಜಾಗದಲ್ಲಿ ಇಂಥ ಬಾರ್ಜುಗಳಲ್ಲಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ದಿನಕ್ಕೊಮ್ಮೆ ಪಂಪು ಹಾಕಿ ಆ ನೀರನ್ನು ಹೊರಹಾಕಲು ಒಬ್ಬ ಮನುಷ್ಯ ಬೇಕು. ಮನುಷ್ಯ ಹೋದ ಮೇಲೆ ಕಳ್ಳರು ಬಂದರು. ಮೊದಲು ಬ್ಯಾಟರಿ, ಆಮೇಲೆ ಪಂಪು, ಕೊನೆಗೆ ಹಿತ್ತಾಳೆಯ ವಾಲ್ವುಗಳು. ಸಮುದ್ರದ ನೀರನ್ನು ಎಂಜಿನ್ನಿಗೆ ತರುವ ಕೊಳವೆಯ ವಾಲ್ವನ್ನು ಬಿಚ್ಚಿದರೆ ಏನಾಗುತ್ತದೆಂದು ಕಳ್ಳನಿಗೆ ತಿಳಿದಿರಬೇಕಿಲ್ಲ. 2012ರ ಮಳೆಗಾಲದ ಒಂದು ಬೆಳಿಗ್ಗೆ ಹೊರಬದಿಯ ಬಾರ್ಜಿನ ಹಿಂಭಾಗ ನೀರೊಳಗಿತ್ತು. ಸಂಜೆಯ ಹೊತ್ತಿಗೆ ಚಾಲಕನ ಕೋಣೆಯ ಮಾಡು ಮಾತ್ರ ಕಾಣುತ್ತಿತ್ತು. ಹಗ್ಗ ಕಡಿದುಕೊಂಡದ್ದರಿಂದ ಇನ್ನೊಂದು ಉಳಿಯಿತು.

ಅದುವರೆಗೆ ನಾನು ಏನೂ ಮಾಡಿರಲಿಲ್ಲವೇ ಎಂದು ನೀವು ಕೇಳಬಹುದು. ಕಾಗದ ಬರೆದಿದ್ದೆ. ನೋಂದಣಿ ಗೋವಾದ್ದು, ಅಲ್ಲಿಂದ ವಿಳಾಸ ತರಿಸಿ ನೋಟಿಸ್ ಕಳಿಸಿದರೆ ‘ಈ ವಿಳಾಸದಲ್ಲಿ ಇಲ್ಲ’ ಎಂಬ ಷರಾದೊಂದಿಗೆ ಮರಳುತ್ತಿತ್ತು. ಸಾಲ ಕೊಟ್ಟ ಬ್ಯಾಂಕಿಗೆ ಬರೆದರೆ, ಬಾರ್ಜಿನ ಮೇಲೆ ತಮ್ಮ ಹಕ್ಕು ಮೊದಲಿನದು, ಆದರೆ ತೆರವಿನ ಖರ್ಚು ತಮ್ಮದಲ್ಲ ಎಂಬ ಉತ್ತರ ಬಂತು. ಬ್ಯಾಂಕಿಗೆ ಕಬ್ಬಿಣ ಬೇಕಿತ್ತು, ಕೆಸರು ಬೇಡವಾಗಿತ್ತು.

ನಿಜವಾದ ತೊಡಕು ಇದ್ದದ್ದು ಕಾಯ್ದೆಯಲ್ಲಿ. 1908ರ ಭಾರತೀಯ ಬಂದರುಗಳ ಕಾಯ್ದೆಯ 14ನೇ ಕಲಮು, ಒಡೆದ, ದಡಕ್ಕೆ ಸಿಲುಕಿದ ಅಥವಾ ಮುಳುಗಿದ ಹಡಗು ಸಂಚಾರಕ್ಕೆ ಅಡ್ಡಿಯಾದರೆ ಮಾಲೀಕನಿಗೆ ನೋಟಿಸ್ ಕೊಡಬೇಕು, ಅವನು ತೆಗೆಯದಿದ್ದರೆ ನಾವೇ ತೆಗೆದು, ಹರಾಜು ಹಾಕಿ, ಖರ್ಚು ಹಿಡಿದುಕೊಳ್ಳಬಹುದು ಎನ್ನುತ್ತಿತ್ತು. ತೇಲುತ್ತಿರುವ ಹಡಗಿನ ಮಾತು ಅದರಲ್ಲಿಲ್ಲ. ಅಂದರೆ ಮುಳುಗುವವರೆಗೆ ಸುಮ್ಮನಿದ್ದು, ಮುಳುಗಿದ ಮೇಲೆ ಹತ್ತು ಪಟ್ಟು ಕಷ್ಟಪಡಬೇಕು. ಮೇಲಿನ ಕಚೇರಿಯಿಂದಲೂ ಬಂದ ಸಲಹೆ ಅದೇ: ಮುಳುಗಿದ ಬಾರ್ಜಿನ ಕಡತ ಬೇರೆ, ತೇಲುವುದರ ಗೊಡವೆ ಸದ್ಯಕ್ಕೆ ಬೇಡ.

ನನಗೆ ಕಾಂದೋಳಿಯ ನೆನಪಾಗುತ್ತಿತ್ತು. 2000ದ ಜೂನ್‌ನಲ್ಲಿ ಗೋವಾದ ಆ ಕಡಲತೀರದಲ್ಲಿ ಸಿಲುಕಿದ ರಿವರ್ ಪ್ರಿನ್ಸೆಸ್ ಎಂಬ ಅದಿರು ಹಡಗನ್ನು ನಾನು ಎರಡು ಸಲ ನೋಡಿದ್ದೆ. ಮೊದಲ ಸಲ ಅದು ಹಡಗಿನಂತಿತ್ತು. ಎರಡನೆಯ ಸಲ ಮರಳಿನಲ್ಲಿ ಹೂತು, ಹೊಟ್ಟೆ ತುಂಬ ಮರಳು ತುಂಬಿಕೊಂಡು, ದಡದ ಆಕಾರವನ್ನೇ ಬದಲಿಸುತ್ತಿತ್ತು. ಅಲ್ಲಿನ ಸರ್ಕಾರ ಕಾನೂನು ತಿದ್ದಿ, ಟೆಂಡರ್ ಮೇಲೆ ಟೆಂಡರ್ ಕರೆದು, ಕೊನೆಗೂ ತುಂಡು ಮಾಡಿ ತೆಗೆಸಿ ಮುಗಿಸುವಾಗ ಹನ್ನೆರಡು ವರ್ಷ ಕಳೆದಿತ್ತು.

ಹಾಗಾಗಿ ಒಂದು ರಾತ್ರಿ ಕಾಯ್ದೆಯನ್ನು ಮೊದಲಿನಿಂದ ಓದಿದೆ. 10ನೇ ಕಲಮಿನಲ್ಲಿ ಸಿಕ್ಕಿತು. ಬಂದರಿನ ಸಂಚಾರಕ್ಕೋ ಹಡಗುಕಟ್ಟೆಯ ಬಳಕೆಗೋ ಅಡ್ಡಿಯಾಗುವ, ತೇಲುವ ಯಾವುದೇ ‘ಮರ, ತೆಪ್ಪ ಅಥವಾ ಇತರ ವಸ್ತು’ವನ್ನು ಸಂರಕ್ಷಣಾಧಿಕಾರಿ ತೆಗೆಸಬಹುದು. ಅರವತ್ತು ಮೀಟರ್ ಉದ್ದದ ಉಕ್ಕಿನ ಬಾರ್ಜನ್ನು ನಾನು ‘ಇತರ ವಸ್ತು’ ಎಂದು ಟಿಪ್ಪಣಿ ಬರೆದೆ. ಕಾನೂನು ಶಾಖೆಯವರು ಮೂರು ತಿಂಗಳು ತಲೆ ತುರಿಸಿಕೊಂಡು ಒಪ್ಪಿದರು.

ನೋಟಿಸನ್ನು ಬಾರ್ಜಿಗೇ ಅಂಟಿಸಬೇಕಿತ್ತು. ದೋಣಿಯಲ್ಲಿ ಹೋಗಿ ಕಿಟಕಿಯ ಗಾಜಿಗೆ ಅಂಟಿಸಿ, ಫೋಟೋ ತೆಗೆದು, ಇಬ್ಬರು ಮೀನುಗಾರರ ಸಹಿ ಹಾಕಿಸಿ ಮಹಜರು ಬರೆದೆವು. ಮಾಡಿನ ಮೇಲೆ ಕುಳಿತಿದ್ದ ನೀರುಕಾಗೆ ಅಷ್ಟೂ ಹೊತ್ತು ರೆಕ್ಕೆ ಒಣಗಿಸಿಕೊಳ್ಳುತ್ತ ನಮ್ಮನ್ನೇ ನೋಡುತ್ತಿತ್ತು.

ತೇಲುವ ಬಾರ್ಜಿನ ಕೆಲಸ ಸಲೀಸಾಗಿ ಆಯಿತು ಎನ್ನಬೇಕು, ಒಂದು ಘಳಿಗೆಯನ್ನು ಬಿಟ್ಟರೆ. ಖಾಲಿ ತೊಟ್ಟಿಯ ಮುಚ್ಚಳ ತೆಗೆದ ಕೂಡಲೇ ಗುತ್ತಿಗೆದಾರನ ಕಡೆಯ ಹುಡುಗನೊಬ್ಬ ಏಣಿಯಲ್ಲಿ ಇಳಿದ. ನಾಲ್ಕನೆಯ ಮೆಟ್ಟಿಲಿಗೆ ಕೈ ಸಡಿಲಿತು. ಸೊಂಟಕ್ಕೆ ಹಗ್ಗವಿದ್ದದ್ದರಿಂದ ಎಳೆದುಕೊಂಡೆವು, ಎರಡು ನಿಮಿಷದಲ್ಲಿ ಕಣ್ಣು ಬಿಟ್ಟ. ಅಲ್ಲಿ ವಿಷದ ಗಾಳಿ ಏನೂ ಇರಲಿಲ್ಲ. ವರ್ಷಗಟ್ಟಲೆ ಮುಚ್ಚಿದ ಕಬ್ಬಿಣದ ತೊಟ್ಟಿಯಲ್ಲಿ ತುಕ್ಕು ಹಿಡಿಯುತ್ತ ಹಿಡಿಯುತ್ತ ಒಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ವಾಸನೆಯಿಲ್ಲ, ಉರಿಯಿಲ್ಲ, ಸುಮ್ಮನೆ ಮನುಷ್ಯ ಬೀಳುತ್ತಾನೆ. ಆಮೇಲೆ ಎಲ್ಲ ಮುಚ್ಚಳಗಳನ್ನು ಹಿಂದಿನ ದಿನವೇ ತೆಗೆಸಿ, ಊದುಗಾಳಿ ಬಿಟ್ಟು, ಮೀಟರಿನಲ್ಲಿ ನೋಡದೆ ಯಾರನ್ನೂ ಇಳಿಸಲಿಲ್ಲ. ಕಾಗದದಲ್ಲಿ ಈ ನಿಯಮ ಮೊದಲೇ ಇತ್ತು ಎಂಬುದು ನನ್ನ ಹೊಟ್ಟೆಯಲ್ಲಿ ಇನ್ನೂ ಉಳಿದಿರುವ ಮುಳ್ಳು.

ಎಣ್ಣೆ ಮೊದಲು. ಹುಡುಗರು ಮಾರಿ ಉಳಿದ ಡೀಸೆಲ್, ಎಂಜಿನ್ ಕೋಣೆಯ ತಳದಲ್ಲಿ ನೀರಿನ ಮೇಲೆ ನಿಂತ ಕಪ್ಪು ಎಣ್ಣೆ, ಎಲ್ಲವನ್ನೂ ಪೀಪಾಯಿಗೆ ತುಂಬಿಸಿದೆವು. ನಮ್ಮ ಹೊಳೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅವರ ಅನ್ನದ ಮೇಲೆ ಎಣ್ಣೆ ಹರಿಯಿತೆಂದರೆ ಊರೇ ಕಚೇರಿಗೆ ಬರುತ್ತಿತ್ತು, ಬರಬೇಕಾದದ್ದೇ. ಆಮೇಲೆ ಅಮಾವಾಸ್ಯೆಯ ಉಬ್ಬರ ನೋಡಿ, ಎರಡು ಟ್ರಾಲರ್ ದೋಣಿಗಳಿಂದ ಎಳೆಸಿ ದಡದ ಇಳಿಜಾರಿಗೆ ತಂದೆವು. ಇಳಿತವಾದಾಗ ಬಾರ್ಜು ಒಣನೆಲದಲ್ಲಿ ಕುಳಿತಿತ್ತು. ಹರಾಜಾಯಿತು. ಗ್ಯಾಸ್ ಕಟರಿನವರು ಐದು ವಾರದಲ್ಲಿ ಮುಗಿಸಿದರು, ಖರ್ಚು ಕಳೆದು ಹಣವೂ ಉಳಿಯಿತು.

ಮುಳುಗಿದ್ದರ ಕಥೆ ಎರಡು ಬೇಸಿಗೆ ತಿಂದಿತು. ಮೊದಲ ಗುತ್ತಿಗೆದಾರ ಇಳಿತದಲ್ಲಿ ನೀರಿನ ಮೇಲೆ ಕಾಣುತ್ತಿದ್ದ ಮಾಡು, ಕಂಬ, ಕಟಾಂಜನ ಎಲ್ಲವನ್ನೂ ಕತ್ತರಿಸಿ ಗುಜರಿಗೆ ಸಾಗಿಸಿ, ತಳ ಸಿಗುವ ಹೊತ್ತಿಗೆ ಕೆಲಸ ಬಿಟ್ಟು ಹೋದ. ಠೇವಣಿ ಮುಟ್ಟುಗೋಲು ಹಾಕಿದೆವು. ಅವನು ಒಯ್ದ ಕಬ್ಬಿಣದ ಮುಂದೆ ಅದು ಏನೂ ಅಲ್ಲ. ಮೊದಲು ಕಾಣುತ್ತಿದ್ದ ಅಡ್ಡಿ ಈಗ ನೀರಿನಡಿ ಕಾಣದ ಅಡ್ಡಿಯಾಯಿತು. ಒಂದು ದೋಣಿಯ ತಳ ಸೀಳಿತು, ಬಲೆಗಳು ಹರಿದವು. ಟೆಂಡರಿನ ಷರತ್ತು ಬರೆದವನು ನಾನೇ, ಆದ್ದರಿಂದ ಬೈಗುಳವೂ ನನ್ನದೇ.

ಎರಡನೆಯ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದೆ. ಕೆಲಸ ಮುಗಿದ ಮೇಲೆ ಎರಡು ದೋಣಿಗಳ ನಡುವೆ ಭಾರದ ಸರಪಳಿ ಕಟ್ಟಿ ಹೊಳೆಯ ತಳವನ್ನು ಉದ್ದಕ್ಕೂ ಎಳೆಸಬೇಕು. ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಠೇವಣಿ ವಾಪಸು. ನನ್ನ ಇಡೀ ಸೇವೆಯಲ್ಲಿ ಬರೆದ ಒಳ್ಳೆಯ ವಾಕ್ಯ ಇದೊಂದೇ ಇರಬೇಕು.

ಕೆಸರು ಕಬ್ಬಿಣವನ್ನು ಹಿಡಿಯುವ ಬಗೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಕ್ರೇನಿನ ತಂತಿ ಹರಿದಾಗಲೇ ಅರ್ಥವಾಯಿತು. ತುಂಡಿನ ತೂಕ ಎಂಟು ಟನ್ ಎಂದು ಲೆಕ್ಕ ಹಾಕಿದ್ದೆವು, ಕೆಸರಿನ ಹೀರಿಕೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಗ ಸಹಾಯಕ್ಕೆ ಬಂದವರು ದಡದಲ್ಲಿ ಬಲೆ ಹೊಲಿಯುತ್ತ ಕುಳಿತಿರುತ್ತಿದ್ದ ವಯಸ್ಸಾದ ತಾಂಡೇಲರು, ಅಂದರೆ ಮೀನುಗಾರ ದೋಣಿಯ ಮುಖ್ಯಸ್ಥರು.

“ಸಾಹೇಬರೇ, ಅದನ್ನು ಯಾಕೆ ನೆಟ್ಟಗೆ ಮೇಲೆ ಎಳೆಯುತ್ತೀರಿ? ಹೊಳೆ ಯಾವ ಬದಿಯಿಂದ ಕೊರೆದಿದೆಯೋ ಆ ಬದಿಗೆ ಓರೆಯಾಗಿ ಎಳೆಸಿ. ಆ ಮಗ್ಗುಲಲ್ಲಿ ಕೆಸರಿಲ್ಲ, ಗುಂಡಿ ಇದೆ.”

“ನಿಮಗೆ ಹೇಗೆ ಗೊತ್ತು, ತಾಂಡೇಲರೇ?”

“ಅಲ್ಲೇ ಅಲ್ಲವೇ ನಾನು ಗಾಳ ಹಾಕುವುದು.”

ಮುಳುಗುಗಾರ ಇಳಿದು ನೋಡಿದ, ಗುಂಡಿ ಇತ್ತು. ಪಂಪಿನ ನೀರನ್ನು ಕೊಳವೆಯಿಂದ ತಳಕ್ಕೆ ಚಿಮ್ಮಿಸಿ ಕೆಸರು ಸಡಿಲಿಸಿ, ತಾಂಡೇಲರು ಹೇಳಿದ ಬದಿಗೆ ಎಳೆದೆವು, ಬಂತು. ಕೊನೆಯ ತುಂಡು ಎದ್ದ ದಿನ ಅವರು ಮಾತ್ರ ಸಪ್ಪಗಿದ್ದರು. ಎರಡು ವರ್ಷದಲ್ಲಿ ಆ ಬಾರ್ಜಿನ ಹೊಟ್ಟೆಯಲ್ಲಿ ಕೆಂಬೇರಿ ಮೀನು ನೆಲೆ ಮಾಡಿತ್ತಂತೆ.

ಸರಪಳಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಖರ್ಚು ಮಾತ್ರ ಕಬ್ಬಿಣದ ಬೆಲೆಗಿಂತ ಬಹಳ ಮೇಲೆ ಹೋಗಿತ್ತು. ಆಮೇಲೆ 2019ರಲ್ಲಿ ಸುರತ್ಕಲ್ ಬಳಿ ಭಗವತಿ ಪ್ರೇಮ್ ಎಂಬ ಹೂಳೆತ್ತುವ ಹಡಗು ದಡದಲ್ಲಿ ನಿಂತ ಸುದ್ದಿ ಓದಿದಾಗಲೂ, 2022ರಲ್ಲಿ ಉಳ್ಳಾಲದ ಎದುರು ಪ್ರಿನ್ಸೆಸ್ ಮಿರಾಲ್ ಉಕ್ಕಿನ ಸುರುಳಿಗಳೊಂದಿಗೆ ಮುಳುಗಿದಾಗಲೂ ನನ್ನ ಮೊದಲ ಪ್ರಶ್ನೆ ಎಣ್ಣೆಯದು, ಎರಡನೆಯದು ಕೆಸರಿನದು. 2025ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಬಂದರು ಕಾಯ್ದೆ ಬಂತು, ನನ್ನ ‘ಇತರ ವಸ್ತು’ವಿಗೂ ನಿವೃತ್ತಿಯಾಯಿತು.

ಮಾಲೀಕರು ಬಂದದ್ದು ಎಲ್ಲ ಮುಗಿದ ಮೇಲೆ. ಒಂಬತ್ತು ನೋಟಿಸಿಗೆ ಸಿಗದವರು, ಮೊದಲ ಬಾರ್ಜಿನ ಹರಾಜಿನಲ್ಲಿ ಖರ್ಚು ಕಳೆದು ಉಳಿದ ಹಣ ಹಕ್ಕುದಾರರಿಗೆ ಸಲ್ಲಬೇಕೆಂದು ಯಾರಿಂದಲೋ ತಿಳಿದು, ವಕೀಲರೊಡನೆ ಕಾರಿನಲ್ಲಿ ಬಂದರು. “ನಮ್ಮ ಹಣ ನಿಮ್ಮಲ್ಲಿ ಜಮೆಯಾಗಿದೆಯಂತೆ, ಸಾಹೇಬರೇ” ಎಂದರು. ಹೌದೆಂದೆ, ಆ ಕಡತವನ್ನು ಮೇಜಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಎರಡನೆಯ ಬಾರ್ಜಿನ ಕಡತವನ್ನೂ ಇಟ್ಟು, ಅವರಿಂದ ನಮಗೆ ಬರಬೇಕಾದ ಮೊತ್ತದ ಪುಟ ತೆರೆದು ತೋರಿಸಿದೆ. ವಕೀಲರು ಎರಡು ಸಲ ಓದಿದರು. ಚಹಾ ಬಂತು, ಕುಡಿದರು. ಬ್ಯಾಂಕಿನವರೊಡನೆ ಮಾತನಾಡಿ ಮುಂದಿನ ವಾರ ಬರುತ್ತೇವೆಂದು ಎದ್ದರು.

ಒಂದು ಛತ್ರಿ ಬಿಟ್ಟು ಹೋಗಿದ್ದರು. ನಾನು ನಿವೃತ್ತನಾಗುವವರೆಗೂ ಅದು ಕಪಾಟಿನ ಮಗ್ಗುಲಲ್ಲೇ ಇತ್ತು.